ಹುಟ್ಟುವ ಮೊದಲಿನ ಆಯ್ಕೆ: ಪರೇಲಿನಿಂದ ಖಾರ್‌ಘರ್‌ವರೆಗೆ

ಮನುಷ್ಯನ ಮುಂದಿನ ವಿಕಾಸ ನಿಸರ್ಗದ ಕೈಯಲ್ಲಿಲ್ಲ, ಇನ್ನು ಅದು ಪ್ರಯೋಗಾಲಯದ ಕೈಯಲ್ಲಿದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಎಂದೂ ಕಾಯಿಲೆ ಬೀಳದ, ಎತ್ತರವಾಗಿ ಬೆಳೆಯುವ, ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವ ಮಗುವನ್ನು ಆರ್ಡರ್ ಕೊಟ್ಟು ಪಡೆಯುವ ಕಾಲ ಬಂತೆಂದು ವಾಟ್ಸಾಪ್ ವಿಡಿಯೋಗಳು ಹೇಳುತ್ತವೆ. ನೋಡಿದವರಲ್ಲಿ ಕೆಲವರಿಗೆ ಭಯ, ಕೆಲವರಿಗೆ ಒಳಗೊಳಗೇ ಆಸೆ. ಈ ಮಾತುಕತೆಯಲ್ಲಿ ಬರುವ ಊರುಗಳೆಲ್ಲ ಅಮೆರಿಕದವು, ಚೀನಾದವು. ನನಗೆ ಮಾತ್ರ ಈ ವಿಷಯ ಬಂದಾಗಲೆಲ್ಲ ನೆನಪಾಗುವುದು ನಮ್ಮ ಸೆಂಟ್ರಲ್ ಲೈನಿನ ಪರೇಲ್. ವರ್ತಕ ನಗರದಿಂದ ರಿಕ್ಷಾದಲ್ಲಿ ಠಾಣೆ ಸ್ಟೇಷನ್ನಿಗೆ ಬಂದು ಸಿ.ಎಸ್.ಎಂ.ಟಿ. ಕಡೆಗೆ ಹೋಗುವ ಲೋಕಲ್ ಹಿಡಿದರೆ ಪರೇಲ್, ಪನ್ವೇಲ್ ಕಡೆಗೆ ಹೋಗುವ ಲೋಕಲ್ ಹಿಡಿದರೆ ಖಾರ್‌ಘರ್. ಎಂಥ ಮಗು ಹುಟ್ಟಬೇಕು ಎಂಬುದನ್ನು ಮನುಷ್ಯ ತನ್ನ ಕೈಗೆ ತೆಗೆದುಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಸ್ಟೇಷನ್ನುಗಳ ಸುತ್ತಮುತ್ತಲೇ ಇದೆ. ಆ ಅರ್ಧ ಉತ್ತರವನ್ನು ಬರೆದದ್ದು ಯಾವ ಹುಚ್ಚು ವಿಜ್ಞಾನಿಯೂ ಅಲ್ಲ. ನಮ್ಮ ನಿಮ್ಮಂಥ ಸಂಸಾರಗಳೇ.

ಮೊದಲು ಒಂದು ಮಾತು. ಮನುಷ್ಯ ತನ್ನ ವಂಶದ ವಿಷಯದಲ್ಲಿ ಕೈಹಾಕಿದ್ದು ಇದೇ ಮೊದಲಲ್ಲ. ಗೋತ್ರ ನೋಡುವುದು, ಕುಲ ನೋಡುವುದು, ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಎಲ್ಲವೂ ಒಂದು ಬಗೆಯ ಆಯ್ಕೆಯೇ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ಕರ್ನಾಟಕದ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ಪರೀಕ್ಷೆ ನಡೆಸಿದಾಗ, ತಂದೆತಾಯಿಯರಲ್ಲಿ ಸುಮಾರು ಮೂರರಲ್ಲೊಂದು ಜೋಡಿ ರಕ್ತಸಂಬಂಧಿಗಳೇ ಎಂಬುದು ಕಂಡುಬಂತು. ಆಸ್ತಿ ಹಂಚಿಹೋಗಬಾರದು, ಹುಡುಗಿ ಕಣ್ಣೆದುರಿಗೇ ಇರಬೇಕು ಎಂದು ಹಿರಿಯರು ಮಾಡಿದ ಏರ್ಪಾಡು ಅದು. ಅದರ ಜೊತೆಗೆ, ಎರಡೂ ಕಡೆಯಿಂದ ಒಂದೇ ದೋಷದ ಜೀನ್ ಬಂದು ಸೇರುವ ಸಾಧ್ಯತೆಯನ್ನೂ ಅವರು ತಿಳಿಯದೆಯೇ ಹೆಚ್ಚಿಸಿದ್ದರು.

ಸಾಗರ ತಾಲೂಕಿನ ಹಂದಿಗೋಡು ಹೆಸರನ್ನು ಹಳೆಯ ತಲೆಮಾರಿನವರು ಕೇಳಿರಬಹುದು. 1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲುಗಳು ಸವೆದು ನಡೆಯಲಾಗದ ಸ್ಥಿತಿ ಬರುತ್ತಿರುವುದು ಹೊರಜಗತ್ತಿಗೆ ಗೊತ್ತಾಯಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆ ಸೇರಿತೇನೋ ಎಂದು ಮೊದಲು ಸಂಶಯಪಟ್ಟರು. ಕೊನೆಗೆ ಅದು ವಂಶವಾಹಿಯಲ್ಲೇ ಹರಿದುಬರುವ ರೋಗವೆಂದು ತಜ್ಞರು ಹೇಳಿದರು. ಚಿಕ್ಕ ಸಮುದಾಯ, ಅದರೊಳಗೇ ಮದುವೆ, ಹೊರಗಿನವರೊಡನೆ ಸಂಬಂಧ ಬೆಳೆಯದಂತೆ ತಡೆದ ಜಾತಿ. ಆ ರೋಗವನ್ನು ಅಲ್ಲೇ ಹಿಡಿದಿಟ್ಟ ಬೇಲಿಯನ್ನು ನಿಸರ್ಗ ಕಟ್ಟಿರಲಿಲ್ಲ.

ಹಾಗಾಗಿ 'ಶುದ್ಧ ನಿಸರ್ಗ' ಎಂಬುದೊಂದು ಇತ್ತು, ವಿಜ್ಞಾನಿಗಳು ಬಂದು ಕೆಡಿಸಿದರು ಎಂಬ ಗೋಳಾಟದಲ್ಲಿ ನನಗೆ ನಂಬಿಕೆಯಿಲ್ಲ. ಬದಲಾದದ್ದು ವೇಗ, ಮತ್ತೆ ನಿಖರತೆ.

ಹೆಂಗಸರ ಕಡೆಯಿಂದ ನೋಡಿದರೆ ಈ ಇತಿಹಾಸದಲ್ಲಿ ಒಂದರ ಹಿಂದೊಂದು ಮೂರು ಪ್ರಶ್ನೆಗಳು ಬರುತ್ತವೆ. ಮಕ್ಕಳು ಎಷ್ಟು? ಆಗದಿದ್ದರೆ ಹೇಗೆ? ಆಗುವುದಾದರೆ ಎಂಥದ್ದು? ಮೊದಲ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮವರೇ ಮುಂದು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು 1921ರಲ್ಲೇ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆದು ಬೈಗುಳ ತಿಂದರು. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಂಥ ಕ್ಲಿನಿಕ್ಕುಗಳನ್ನು ತೆರೆಯಿತು. ಸರ್ಕಾರವೊಂದು ತಾನೇ ಮುಂದಾಗಿ ಇದನ್ನು ಮಾಡಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ವರ್ಷಕ್ಕೊಂದು ಬಾಣಂತನದಲ್ಲಿ ಸವೆದುಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಅದು ಎಂಥ ಬಿಡುಗಡೆ ಎಂಬುದನ್ನು ನಮ್ಮ ಅಜ್ಜಿಯರ ಹೆರಿಗೆಯ ಲೆಕ್ಕ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಪ್ರಶ್ನೆಯ ಉತ್ತರ ಪರೇಲಿನಲ್ಲಿ ಸಿಕ್ಕಿತು. ಅದಕ್ಕೂ ಮೊದಲು ಕೋಲ್ಕತ್ತಾದಲ್ಲಿ ಸಿಕ್ಕಿತ್ತು. ಈ 'ಅದಕ್ಕೂ ಮೊದಲು' ಎಂಬುದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ತಾಯಿಯ ದೇಹದ ಹೊರಗೆ ಅಂಡಾಣು ಫಲಿತಗೊಂಡು ಹುಟ್ಟಿದ ಮೊದಲ ಮಗು. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ, ಜೊತೆಗೆ ಬಹುಕಾಲ ಯಾರೂ ಹೆಸರೆತ್ತದ ಜೀನ್ ಪರ್ಡಿ ಎಂಬ ನರ್ಸ್ ಸೇರಿ ಮಾಡಿದ ಕೆಲಸ. ಅದಾಗಿ ಎಪ್ಪತ್ತೇ ದಿನಕ್ಕೆ, ಅಕ್ಟೋಬರ್ 3ರಂದು, ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ದುರ್ಗಾಪೂಜೆಯ ಹೊತ್ತಾದ್ದರಿಂದ ಜಗತ್ತು ಅವಳನ್ನು ದುರ್ಗಾ ಎಂದೇ ಕರೆಯಿತು. ಸೀಮಿತ ಸಲಕರಣೆಗಳಿಂದ, ಭ್ರೂಣವನ್ನು ಶೈತ್ಯದಲ್ಲಿ ಕಾಪಿಟ್ಟು ಆಮೇಲೆ ಗರ್ಭಕ್ಕೆ ಸೇರಿಸಿದ ವಿಧಾನ ಅವರದು. ಆದರೆ ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ವಿದೇಶಕ್ಕೆ ಹೋಗಿ ವಿವರಿಸಲು ಅನುಮತಿ ಸಿಗಲಿಲ್ಲ. ಅವರ ವಿಷಯಕ್ಕೆ ಸಂಬಂಧವೇ ಇಲ್ಲದ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ತಮ್ಮ ಪ್ರಾಣ ತಾವೇ ಕಳೆದುಕೊಂಡರು. ತಪನ್ ಸಿನ್ಹಾ ಅವರ 'ಏಕ್ ಡಾಕ್ಟರ್ ಕೀ ಮೌತ್' ಸಿನೆಮಾ ನೋಡಿದವರಿಗೆ ಈ ದುಃಖದ ಸುಳಿವು ಇರುತ್ತದೆ.

ಇನ್ನು ಪರೇಲ್. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ, ಹತ್ತಿರದಲ್ಲೇ ಇರುವ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯಲ್ಲಿ ನಿರ್ದೇಶಕರಾಗಿ ಡಾ. ಟಿ. ಸಿ. ಆನಂದ ಕುಮಾರ್. 1986ರ ಆಗಸ್ಟ್ 6ರಂದು ಅವರ ಜಂಟಿ ಪ್ರಯತ್ನದಿಂದ ಹೆಣ್ಣುಮಗು ಹುಟ್ಟಿತು. ಭಾರತದ ಮೊದಲ ಪ್ರನಾಳ ಶಿಶುವೆಂದು ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ಮುನಿಸಿಪಾಲಿಟಿಯ ಆಸ್ಪತ್ರೆಯಲ್ಲಿ, ಮಧ್ಯಮ ವರ್ಗದ ಸಾಧಾರಣ ಮನೆಯೊಂದಕ್ಕೆ ಹುಟ್ಟಿದ ಮಗು ಅದು. ಈಗ ಈ ಚಿಕಿತ್ಸೆ ಹೆಚ್ಚಾಗಿ ಖಾಸಗಿ ಕ್ಲಿನಿಕ್ಕುಗಳಲ್ಲಿ, ಲಕ್ಷಗಟ್ಟಲೆ ರೂಪಾಯಿಗೆ ಸಿಗುವಂಥದ್ದಾಗಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಆ ಮಗು ಬೆಳೆದು, 2016ರಲ್ಲಿ ತಾನೂ ತಾಯಿಯಾದಳು. ಆ ಹೆರಿಗೆಯನ್ನೂ ಡಾ. ಹಿಂದುಜಾ ಅವರೇ ಮಾಡಿಸಿದರು.

ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. 1997ರಲ್ಲಿ ವಿಜ್ಞಾನ ಕಾಂಗ್ರೆಸ್ಸಿಗೆಂದು ಕೋಲ್ಕತ್ತಾಗೆ ಹೋದ ಆನಂದ ಕುಮಾರ್ ಅವರ ಕೈಗೆ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಸಿಕ್ಕವು. ಓದಿ ನೋಡಿದರು, ಆ ಕುಟುಂಬದವರೊಡನೆ ಮಾತಾಡಿದರು. ಬಳಿಕ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ನಾನಲ್ಲ, ಸುಭಾಷ್ ಮುಖೋಪಾಧ್ಯಾಯರು ಎಂಬುದನ್ನು ಬರೆದು ಸ್ಥಾಪಿಸಿದರು. ಮುಡಿಗೇರಿದ ಕಿರೀಟವನ್ನು ತಾವೇ ತೆಗೆದು ಸತ್ತವರ ಚಿತ್ರದ ಮುಂದಿಟ್ಟ ವಿಜ್ಞಾನಿಗಳು ಎಷ್ಟು ಜನ ಸಿಗುತ್ತಾರೆ? ಅವರು ಕೊನೆಗೆ ಬೆಂಗಳೂರಿನಲ್ಲೇ ನೆಲೆಸಿ, 2010ರಲ್ಲಿ ತೀರಿಕೊಂಡರು.

(ಗಾಂಧಾರಿಯ ನೂರು ಕುಡಿಕೆಗಳನ್ನು ತೋರಿಸಿ 'ನಮ್ಮಲ್ಲಿ ಇದೆಲ್ಲ ಆಗಲೇ ಇತ್ತು' ಎನ್ನುವವರಿಗೆ ನನ್ನದೊಂದು ಮಾತು. ಕಥೆಯನ್ನು ಕಥೆಯಾಗಿಯೇ ಓದೋಣ. ಓದುವುದಾದರೆ ಪೂರ್ತಿ ಓದೋಣ. ಕುಡಿಕೆ ನೂರಲ್ಲ, ನೂರೊಂದು. ನೂರು ಗಂಡಾದರೂ ಒಬ್ಬ ಮಗಳು ಬೇಕೆಂದು ಗಾಂಧಾರಿ ಆಸೆಪಟ್ಟದ್ದಕ್ಕೆ ದುಶ್ಶಲೆ ಹುಟ್ಟಿದಳು.)

ಮಗಳು ಬೇಕೆಂಬ ಆ ಆಸೆ ನಮ್ಮ ನಗರದಲ್ಲಿ ಎಲ್ಲಿ ಹೋಯಿತು ಎಂಬುದೇ ಮೂರನೆಯ ಪ್ರಶ್ನೆಯ ಇತಿಹಾಸ. ಪರೇಲಿನಲ್ಲಿ ಹೆಣ್ಣುಮಗು ಹುಟ್ಟಿದ ಸಂಭ್ರಮದ ಅದೇ 1986ರಲ್ಲಿ, ಅದೇ ಮುಂಬಯಿಯಲ್ಲಿ, ಇನ್ನೊಂದು ಲೆಕ್ಕ ಹೊರಬಿತ್ತು. ಡಾ. ಸಂಜೀವ ಕುಲಕರ್ಣಿ ಎಂಬವರು ನಗರದ 50 ಮಂದಿ ಸ್ತ್ರೀರೋಗ ತಜ್ಞರನ್ನು ಮಾತಾಡಿಸಿದಾಗ 42 ಮಂದಿ, ಅಂದರೆ ನೂರಕ್ಕೆ 84 ಜನ, ಗರ್ಭದಲ್ಲಿರುವುದು ಗಂಡೋ ಹೆಣ್ಣೋ ನೋಡಲು ಪರೀಕ್ಷೆ ಮಾಡುತ್ತಿದ್ದುದು ತಿಳಿಯಿತು.

ಆ ಪರೀಕ್ಷೆ ಬಂದದ್ದು ಒಳ್ಳೆಯ ಉದ್ದೇಶಕ್ಕೇ. ಗರ್ಭವನ್ನು ಸುತ್ತಿದ ನೀರನ್ನು ಸೂಜಿಯಿಂದ ಸ್ವಲ್ಪ ತೆಗೆದು, ಅದರಲ್ಲಿರುವ ಮಗುವಿನ ಜೀವಕೋಶಗಳನ್ನು ನೋಡಿ, ಗಂಭೀರ ವಂಶವಾಹಿ ದೋಷಗಳಿವೆಯೇ ಎಂದು ತಿಳಿಯುವ ವಿಧಾನ. ಇದಕ್ಕೆ ಆಮ್ನಿಯೋಸೆಂಟಿಸಿಸ್ ಎಂದು ಹೆಸರು. 1970ರ ದಶಕದ ನಡುವಿನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಶುರುವಾಯಿತು. ಆ ಜೀವಕೋಶಗಳಲ್ಲಿ ಮಗುವಿನ ಲಿಂಗವೂ ಕಾಣುತ್ತದೆ. ಹೆಣ್ಣೆಂದು ತಿಳಿದ ಕೂಡಲೇ ಗರ್ಭಪಾತಕ್ಕೆ ಬರುವವರ ಸಂಖ್ಯೆ ಹೆಚ್ಚಿತು. 1978ರಲ್ಲಿ ಕೇಂದ್ರ ಸರ್ಕಾರ, ಸರ್ಕಾರಿ ಆಸ್ಪತ್ರೆಗಳಲ್ಲಿ ಲಿಂಗಪತ್ತೆಗೆ ಇದನ್ನು ಬಳಸಬಾರದೆಂದು ಆದೇಶಿಸಿತು. ಬಾಗಿಲು ಮುಚ್ಚಿತು, ಆದರೆ ಸರ್ಕಾರಿ ಬಾಗಿಲು ಮಾತ್ರ. ಖಾಸಗಿ ಬಾಗಿಲಿಗೆ ಯಾವ ಕಾನೂನೂ ಇರಲಿಲ್ಲ.

ನಾನು ಮದುವೆಯಾಗಿ ಈ ಕಡೆಗೆ ಬಂದದ್ದು ಆ ದಶಕದಲ್ಲೇ. ಲೋಕಲ್ ಬೋಗಿಯೊಳಗೆ ಮೂಲವ್ಯಾಧಿ, ಗುಪ್ತರೋಗದ ಚೀಟಿಗಳ ಪಕ್ಕದಲ್ಲೇ ಗರ್ಭಪರೀಕ್ಷೆಯ ಚೀಟಿಗಳು ಅಂಟಿರುತ್ತಿದ್ದವು. ಈಗ ಕೆಲವು ನೂರು ಖರ್ಚು ಮಾಡಿದರೆ ಮುಂದೆ ಲಕ್ಷಗಳು ಉಳಿಯುತ್ತವೆ ಎಂಬರ್ಥದ ಜಾಹೀರಾತುಗಳು. ವರದಕ್ಷಿಣೆ ಎಂಬ ಪದವನ್ನೇ ಬಳಸಬೇಕಾಗಿರಲಿಲ್ಲ, ಎಲ್ಲರಿಗೂ ಅರ್ಥವಾಗುತ್ತಿತ್ತು. ಕೈಯಲ್ಲಿ ಕೊತ್ತಂಬರಿ ಬಿಡಿಸುತ್ತ, ಆಫೀಸಿನ ಸುದ್ದಿ ಮಾತಾಡುತ್ತ ಹೆಂಗಸರ ಡಬ್ಬಿಯಲ್ಲಿ ಕೂತಿರುತ್ತಿದ್ದ ನಾವೆಲ್ಲ ಅದನ್ನು ಓದುತ್ತಿದ್ದೆವು. ನಮ್ಮ ಕಾಲೊನಿಯಲ್ಲೇ ಇದ್ದ ಒಬ್ಬಾಕೆ, ಎರಡು ಹೆಣ್ಣಾದ ಮೇಲೆ ಎರಡು ಸಲ 'ಚೆಕ್ ಮಾಡಿಸಿ ಬಂದೆ' ಎಂದು ಬಹಳ ವರ್ಷಗಳ ನಂತರ ಹಳದಿಕುಂಕುಮದ ದಿನ, ಉಳಿದವರೆಲ್ಲ ಹೊರಟ ಮೇಲೆ, ನನಗೆ ಹೇಳಿದ್ದರು. ಆಕೆ ಕ್ರೂರಿಯಲ್ಲ. ಅತ್ತೆಯೂ ಕ್ರೂರಿಯಲ್ಲ, ನನಗೆ ಗೊತ್ತು. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂದು ನಾವು ಕನ್ನಡದಲ್ಲಿ ಎಷ್ಟು ಮುದ್ದಾಗಿ ಹೇಳುತ್ತೇವೆ! ಮೊದಲ ಆರತಿಗೆ ಎಲ್ಲರೂ ಸಂತೋಷಪಡುತ್ತಾರೆ. ಎರಡನೆಯ ಆರತಿಗೆ ಮುಖ ಸಣ್ಣದಾಗುತ್ತದೆ. ಮೂರನೆಯದರ ಹೊತ್ತಿಗೆ ಸೂಜಿ ಬರುತ್ತದೆ.

ಇದರ ವಿರುದ್ಧ ಎದ್ದು ನಿಂತವರೂ ಮುಂಬಯಿಯವರೇ. ಮಹಿಳಾ ಸಂಘಟನೆಗಳು, ವೈದ್ಯರು, ವಕೀಲರು ಸೇರಿ ಲಿಂಗಪತ್ತೆ ವಿರೋಧಿ ವೇದಿಕೆ ಕಟ್ಟಿಕೊಂಡರು. ಹೋರಾಟದ ಫಲವಾಗಿ 1988ರಲ್ಲಿ ಮಹಾರಾಷ್ಟ್ರ ದೇಶದಲ್ಲೇ ಮೊದಲು ಈ ಬಗ್ಗೆ ಕಾನೂನು ಮಾಡಿತು. ಕೇಂದ್ರದ ಕಾನೂನು 1994ರಲ್ಲಿ ಬಂತು, ಜಾರಿಯಾದದ್ದು 1996ರಲ್ಲಿ. ಅಷ್ಟರಲ್ಲಿ ಸೂಜಿಯ ಅಗತ್ಯವೇ ತಪ್ಪಿತ್ತು. ಅಲ್ಟ್ರಾಸೌಂಡ್ ಯಂತ್ರ ಊರೂರಿಗೆ ಬಂದಿತ್ತು. ಕಾನೂನು ಕಾಗದದಲ್ಲೇ ಉಳಿದಿದೆ ಎಂದು ಸೆಹತ್, ಮಾಸೂಮ್ ಸಂಸ್ಥೆಗಳು ಮತ್ತು ಡಾ. ಸಾಬು ಜಾರ್ಜ್ 2000ದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2003ರ ತಿದ್ದುಪಡಿಯಲ್ಲಿ ಗರ್ಭ ನಿಲ್ಲುವ ಮೊದಲೇ ಲಿಂಗ ಆರಿಸುವುದೂ ಅಪರಾಧವಾಯಿತು.

ಜನಗಣತಿಯ ಅಂಕಿಗಳನ್ನು ನೋಡಿ. ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಮಹಾರಾಷ್ಟ್ರದಲ್ಲಿ 1991ರಲ್ಲಿ 946, 2001ರಲ್ಲಿ 913, 2011ರಲ್ಲಿ 894. ದೇಶದಲ್ಲೇ ಮೊದಲು ಕಾನೂನು ಮಾಡಿದ ರಾಜ್ಯದ ಲೆಕ್ಕ ಇದು! ಕರ್ನಾಟಕದಲ್ಲಿ ಇದೇ ಮೂರು ಗಣತಿಗಳಲ್ಲಿ 960, 946, 948. ನಮ್ಮ ಕನ್ನಡ ಮಾತು ಇಂದಿಗೂ ಕೇಳಿಬರುವ ಗಡಿಯ ಕೊಲ್ಹಾಪುರ ಜಿಲ್ಲೆಯಲ್ಲಿ 2001ರಲ್ಲಿ 839 ಇತ್ತು. ಸಕ್ಕರೆ ಕಾರ್ಖಾನೆ, ಹಾಲಿನ ಡೇರಿ, ಕೈತುಂಬ ದುಡ್ಡು ಇರುವ ಜಿಲ್ಲೆ. ಬಡತನ, ಅಜ್ಞಾನ ಎಂದು ಯಾರಾದರೂ ನೆಪ ಹೇಳಿದರೆ ಈ ಒಂದು ಅಂಕಿ ತೋರಿಸಿದರೆ ಸಾಕು.

ಕರ್ನಾಟಕದವರು ಎದೆ ತಟ್ಟಿಕೊಳ್ಳುವಂತೆಯೂ ಇಲ್ಲ. 2023ರ ಕೊನೆಯಲ್ಲಿ ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಹಿಡಿದ ಸುದ್ದಿ ನೆನಪಿರಬಹುದು. ಬೆಲ್ಲದ ಕೊಪ್ಪರಿಗೆ ಕುದಿಯುವ ಜಾಗದಲ್ಲಿ ಅಲ್ಟ್ರಾಸೌಂಡ್. ಭವಿಷ್ಯದ ತಂತ್ರಜ್ಞಾನ ಹೊಳೆಯುವ ಗಾಜಿನ ಕಟ್ಟಡದಲ್ಲೇ ಇರುತ್ತದೆ ಎಂದು ಯಾರು ಹೇಳಿದರು?

ಇಲ್ಲಿ ವಿಕಾಸದ ಮಾತಿಗೆ ಬರುತ್ತೇನೆ. ನಿಸರ್ಗದಲ್ಲಿ ಸುಮಾರು 105 ಗಂಡಿಗೆ 100 ಹೆಣ್ಣು ಹುಟ್ಟುತ್ತವೆ. ಈ ಸಮತೋಲನ ಏಕೆ ಕೆಡುವುದಿಲ್ಲ ಎಂಬುದನ್ನು ಮೈಸೂರಿನ ಕ್ಲಿನಿಕ್ಕುಗಳು ತೆರೆದ ಅದೇ 1930ರಲ್ಲಿ ಬ್ರಿಟಿಷ್ ವಿಜ್ಞಾನಿ ರೊನಾಲ್ಡ್ ಫಿಶರ್ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಒಂದು ಜಾತಿಯ ಪ್ರಾಣಿಗಳಲ್ಲಿ ಹೆಣ್ಣು ಕಡಿಮೆಯಾದರೆ, ಹೆಣ್ಣು ಹೆತ್ತವರಿಗೇ ಮೊಮ್ಮಕ್ಕಳು ಹೆಚ್ಚು. ಹಾಗಾಗಿ ಕೆಲವು ತಲೆಮಾರಿನಲ್ಲಿ ತಕ್ಕಡಿ ತಾನೇ ಸರಿಹೋಗುತ್ತದೆ. ಲಕ್ಷಾಂತರ ವರ್ಷ ನಿಸರ್ಗ ಕಾಯ್ದುಕೊಂಡು ಬಂದ ತಕ್ಕಡಿ ಅದು. ಒಂದು ಯಂತ್ರ, ಒಂದು ಗಾದೆ, ಒಂದು ಜಾಹೀರಾತು ಸೇರಿ ಅದನ್ನು ಇಪ್ಪತ್ತೇ ವರ್ಷಗಳಲ್ಲಿ ಒಂದು ಕಡೆಗೆ ವಾಲಿಸಿಬಿಟ್ಟವು. ಜೀನ್ ಬದಲಾಗಲಿಲ್ಲ ನಿಜ. ಆದರೆ ಯಾರು ಹುಟ್ಟಬೇಕು ಎಂಬುದು ಬದಲಾಯಿತು. ವಿಕಾಸದ ಕಚ್ಚಾವಸ್ತು ಅದೇ ಅಲ್ಲವೇ? ಜೈವಿಕ ತಂತ್ರಜ್ಞಾನ ಮನುಷ್ಯಕುಲವನ್ನು ಹೇಗೆ ಬದಲಿಸೀತು ಎಂದು ಕೇಳುವವರು ಮೊದಲು ಈ ಪ್ರಯೋಗದ ಫಲಿತಾಂಶ ಓದಬೇಕು. ಇಷ್ಟು ದೊಡ್ಡ ಪ್ರಮಾಣದ ಪ್ರಯೋಗ ಬೇರೆಲ್ಲೂ ಅಪರೂಪ.

ಒಂದೇ ಉಪಕರಣ ಎರಡು ನಾಡುಗಳಲ್ಲಿ ಹೇಗೆ ಎರಡು ಬಗೆಯಾಗುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ. ಪ್ರನಾಳದಲ್ಲಿ ಬೆಳೆದ ಭ್ರೂಣದಿಂದ ಒಂದು ಜೀವಕೋಶ ತೆಗೆದು ಪರೀಕ್ಷಿಸಿ, ಸರಿಯಾದುದನ್ನು ಮಾತ್ರ ಗರ್ಭಕ್ಕೆ ಸೇರಿಸುವ ವಿಧಾನವನ್ನು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅಲನ್ ಹ್ಯಾಂಡಿಸೈಡ್ ತಂಡ 1990ರಲ್ಲಿ ಮೊದಲು ಯಶಸ್ವಿಯಾಗಿ ಬಳಸಿತು. ಕೆಲವು ರೋಗಗಳು ಗಂಡುಮಕ್ಕಳನ್ನೇ ಕಾಡುತ್ತವೆ. ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿ ಅದರ ದೋಷ ಇರುತ್ತದೆ. ಅಂಥ ಕುಟುಂಬಗಳಿಗಾಗಿ ಆ ತಂಡ ಆರಿಸಿದ್ದು ಹೆಣ್ಣು ಭ್ರೂಣಗಳನ್ನು. ಭ್ರೂಣದ ಆಯ್ಕೆ ಎಂಬುದು ಜಗತ್ತಿನಲ್ಲಿ ಶುರುವಾದದ್ದೇ ಹೆಣ್ಣನ್ನು ಉಳಿಸಿಕೊಳ್ಳುವುದರಿಂದ! ನಮ್ಮಲ್ಲಿ ಇದನ್ನು ಎದುರಿಗೆ ಹಿಡಿದುಕೊಂಡೇ 2021ರಲ್ಲಿ ಪ್ರನಾಳ ಚಿಕಿತ್ಸೆಯ ಕಾನೂನು ಬಂತು, ಕೇಳಿದ ಲಿಂಗದ ಮಗುವನ್ನು ಕೊಡುತ್ತೇವೆ ಎನ್ನುವುದನ್ನೂ ಅದು ಶಿಕ್ಷೆಗೆ ಗುರಿಮಾಡಿತು.

ಹಾಗೆಂದು ಪರೀಕ್ಷೆಗಳೆಲ್ಲ ಬೇಡ ಎನ್ನುವವಳಲ್ಲ ನಾನು. ಕಲ್ಯಾಣದ ಪಕ್ಕದ ಉಲ್ಲಾಸನಗರಕ್ಕೆ ಹೋದರೆ ಸಿಂಧಿ ಸಮಾಜದವರು ಥಲಸ್ಸೀಮಿಯಾ ಬಗ್ಗೆ ಎಷ್ಟು ಎಚ್ಚರದಿಂದಿದ್ದಾರೆ ಎಂಬುದು ಗೊತ್ತಾಗುತ್ತದೆ. ಅವರಲ್ಲಿ ಆ ಜೀನ್ ಹೊತ್ತವರು ಹೆಚ್ಚು. ಗಂಡಹೆಂಡತಿ ಇಬ್ಬರೂ ಹೊತ್ತವರಾದರೆ ಪ್ರತಿ ಬಸುರಿಗೂ ನಾಲ್ಕರಲ್ಲೊಂದು ಪಾಲು, ಹುಟ್ಟುವ ಮಗು ಜೀವನವಿಡೀ ರಕ್ತ ಹಾಕಿಸಿಕೊಳ್ಳಬೇಕಾದೀತು. ಮದುವೆಗೆ ಮೊದಲು ಒಂದು ಸಾದಾ ರಕ್ತಪರೀಕ್ಷೆ ಮಾಡಿಸಿದರೆ ವಿಷಯ ತಿಳಿಯುತ್ತದೆ. ಮೂವತ್ತಾರು ಗುಣ ಕೂಡುತ್ತವೆಯೇ ಎಂದು ಜಾತಕ ತಿರುವಿಹಾಕುವ ನಮ್ಮ ಮನೆಗಳಲ್ಲಿ ಈ ಒಂದು ಕಾಗದವನ್ನು ಯಾರೂ ಕೇಳುವುದಿಲ್ಲ.

ಕಷ್ಟವಾದ ಪ್ರಕರಣಗಳೂ ಇವೆ. 2008ರಲ್ಲಿ ಮುಂಬಯಿಯ ದಂಪತಿಯೊಂದು, ಗರ್ಭದಲ್ಲಿರುವ ಮಗುವಿನ ಹೃದಯದಲ್ಲಿ ತೊಂದರೆಯಿದೆಯೆಂದು ತಿಳಿದಾಗ 20 ವಾರ ದಾಟಿತ್ತು. ಆಗಿನ ಕಾನೂನಿನ ಮಿತಿ ಅದು. ಅನುಮತಿ ಕೇಳಿ ಹೈಕೋರ್ಟಿಗೆ ಹೋದರು, ಕೋರ್ಟು ಒಪ್ಪಲಿಲ್ಲ. ಗರ್ಭ ಆಮೇಲೆ ತಾನೇ ಹೋಯಿತು. ಅಂಗವಿಕಲ ಮಕ್ಕಳ ತಾಯಂದಿರು ಅಂದು ಕೇಳಿದ ಪ್ರಶ್ನೆ ಇಂದೂ ಹಾಗೆಯೇ ಇದೆ: ಹಾಗಾದರೆ ನಮ್ಮ ಮಕ್ಕಳು ಹುಟ್ಟಬಾರದಿತ್ತೇ? ಆ ತಾಯಿಯ ಕಷ್ಟವೂ ನಿಜ, ಈ ತಾಯಂದಿರ ಪ್ರಶ್ನೆಯೂ ನಿಜ. 2021ರಲ್ಲಿ ಇಂಥ ದೋಷಗಳಿದ್ದಾಗ ವೈದ್ಯಕೀಯ ಮಂಡಳಿಯ ಒಪ್ಪಿಗೆಯಿಂದ ಮಿತಿ ಸಡಿಲಿಸುವ ತಿದ್ದುಪಡಿ ಬಂತು. ಹೆಂಗಸಿನ ಹಕ್ಕಿನ ದೃಷ್ಟಿಯಿಂದ ಅದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ 'ದೋಷ' ಎಂಬ ಪದದ ವ್ಯಾಪ್ತಿ ವರ್ಷವರ್ಷಕ್ಕೂ ಹಿಗ್ಗದಂತೆ ಕಾಯುವವರು ಯಾರು?

ಈಗ ಎರಡನೆಯ ಲೋಕಲ್ ಹಿಡಿಯೋಣ. ಖಾರ್‌ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಇದೆ. ಪೊವಾಯಿಯ ಐಐಟಿಯಲ್ಲಿ ಪ್ರೊ. ರಾಹುಲ್ ಪುರ್ವಾರ್ ಅವರ ತಂಡ, ಟಾಟಾದ ವೈದ್ಯರಾದ ಹಸ್ಮುಖ್ ಜೈನ್, ಗೌರವ್ ನರುಲಾ ಮುಂತಾದವರು ಸೇರಿ ವರ್ಷಗಟ್ಟಲೆ ಶ್ರಮಿಸಿ ರಕ್ತದ ಕ್ಯಾನ್ಸರಿಗೆ ಒಂದು ಚಿಕಿತ್ಸೆ ರೂಪಿಸಿದರು. ರೋಗಿಯ ರಕ್ತದಿಂದ ಟಿ-ಕೋಶಗಳನ್ನು ತೆಗೆದು, ಅವುಗಳೊಳಗೆ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವಂತೆ ಕಲಿಸಿ, ಮರಳಿ ಅದೇ ರೋಗಿಗೆ ಕೊಡುವುದು. 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಐಐಟಿಯಲ್ಲಿ ಅದನ್ನು ಲೋಕಾರ್ಪಣೆ ಮಾಡಿದರು. ಅಮೆರಿಕದಲ್ಲಿ ಕೋಟಿಗಳ ಲೆಕ್ಕದಲ್ಲಿರುವ ಚಿಕಿತ್ಸೆ ಇಲ್ಲಿ ಸುಮಾರು 30ರಿಂದ 40 ಲಕ್ಷಕ್ಕೆ ಬಂತು. ಅದೂ ನಮ್ಮಂಥವರಿಗೆ ಮನೆ ಮಾರುವಷ್ಟು ಹಣವೇ, ಆದರೂ ದೊಡ್ಡ ಇಳಿಕೆ.

ಇಲ್ಲಿ ಒಂದು ವ್ಯತ್ಯಾಸವನ್ನು ಓದುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಖಾರ್‌ಘರ್‌ನ ಚಿಕಿತ್ಸೆಯಲ್ಲಿ ಬದಲಾಗುವುದು ಆ ರೋಗಿಯ ರಕ್ತಕೋಶ ಮಾತ್ರ. ಅದು ಆ ಮನುಷ್ಯನೊಂದಿಗೇ ಮುಗಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. 2023ರ ಕೊನೆಗೆ ಬ್ರಿಟನ್ನಿನಲ್ಲಿ, ಬಳಿಕ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಕಲ್ ಸೆಲ್ ರೋಗದ ಕ್ರಿಸ್ಪರ್ ಚಿಕಿತ್ಸೆಯೂ ಹಾಗೆಯೇ. ಕ್ರಿಸ್ಪರ್ ಎಂದರೆ ಜೀನಿನ ಬೇಕಾದ ಜಾಗವನ್ನೇ ಕತ್ತರಿಸಿ ತಿದ್ದುವ ಉಪಕರಣ. ಅದನ್ನು ತೋರಿಸಿಕೊಟ್ಟ ಎಮಾನ್ಯುಯೆಲ್ ಶಾರ್ಪೆಂಟಿಯೇ ಮತ್ತು ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅಮೆರಿಕದಲ್ಲಿ ಆ ಸಿಕಲ್ ಸೆಲ್ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ಸಿಕಲ್ ಸೆಲ್ ನಮ್ಮಲ್ಲಿ ಹೆಚ್ಚಾಗಿರುವುದು ಆದಿವಾಸಿಗಳಲ್ಲಿ. ಮಲೇರಿಯಾದ ಕಾಡುಗಳಲ್ಲಿ ಬದುಕುಳಿಯಲು ಸಾವಿರಾರು ವರ್ಷಗಳ ಹಿಂದೆ ಅವರ ಪೂರ್ವಿಕರಿಗೆ ಆ ಜೀನ್ ನೆರವಾಯಿತು. ನಿಸರ್ಗ ವಿಧಿಸಿದ ಬೆಲೆಯನ್ನು ಅವರು ತೆತ್ತಾಗಿದೆ, ಈಗ ಈ ಬೆಲೆ.

ಇದಕ್ಕೆ ಪೂರ್ತಿ ಬೇರೆಯದು ಭ್ರೂಣದಲ್ಲೇ ಜೀನ್ ತಿದ್ದುವುದು. ಅಲ್ಲಿ ಮಾಡಿದ ತಿದ್ದುಪಡಿ ಮಗುವಿನ ಪ್ರತಿ ಕೋಶಕ್ಕೂ, ಅದರ ಮಕ್ಕಳಿಗೂ, ಅವರ ಮಕ್ಕಳಿಗೂ ಇಳಿಯಬಲ್ಲದು. ವಿಕಾಸದ ಪುಸ್ತಕಕ್ಕೆ ಕೈಬರಹ ಸೇರುವುದು ಅಲ್ಲಿ. 2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾಂಕುಯಿ, ಎಚ್‌ಐವಿ ತಗುಲದಂತೆ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಘೋಷಿಸಿದ. ತಂದೆಗೆ ಎಚ್‌ಐವಿ ಇತ್ತು. ಆದರೆ ಮಕ್ಕಳಿಗೆ ಸೋಂಕು ತಗುಲದಂತೆ ತಡೆಯಲು ಜೀನ್ ಮುಟ್ಟಬೇಕಾಗಿಯೇ ಇರಲಿಲ್ಲ, ಸುಲಭದ ದಾರಿಗಳಿದ್ದವು. ಜಗತ್ತಿನ ವಿಜ್ಞಾನಿಗಳೇ ಅವನನ್ನು ಛೀಮಾರಿ ಹಾಕಿದರು. 2019ರ ಡಿಸೆಂಬರಿನಲ್ಲಿ ಅವನಿಗೆ ಮೂರು ವರ್ಷ ಜೈಲಾಯಿತು. ಆ ಮಕ್ಕಳ ತಾಯಿಗೆ ಏನು ಹೇಳಿ ಸಹಿ ಹಾಕಿಸಿಕೊಂಡಿದ್ದ ಎಂಬುದೇ ನನ್ನನ್ನು ಹೆಚ್ಚು ಕಾಡುವ ವಿಷಯ. ಭ್ರೂಣ ಯಾವ ಪ್ರಯೋಗಾಲಯದ್ದಾದರೂ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು, ಅಂಡಾಣು ತೆಗೆಸಿಕೊಳ್ಳುವುದು, ಒಂಬತ್ತು ತಿಂಗಳು ಹೊರುವುದು ಒಬ್ಬ ಹೆಂಗಸು. ವಿಕಾಸದ ಭವಿಷ್ಯದ ಬಗ್ಗೆ ಬರುವ ದಪ್ಪ ಪುಸ್ತಕಗಳಲ್ಲಿ ಅವಳ ಮಾತು ಎಷ್ಟು ಕಡಿಮೆ!

ಬುದ್ಧಿವಂತ ಮಗುವಿನ ಆಸೆಗೆ ಸಂಬಂಧಿಸಿ ಒಂದು ಸಮಾಧಾನದ ಸುದ್ದಿಯೂ ಇದೆ. ಅಮೆರಿಕದಲ್ಲಿ ಕೆಲವು ಕಂಪನಿಗಳು ಭ್ರೂಣಗಳಿಗೆ ಬುದ್ಧಿ, ಎತ್ತರದ ಅಂಕ ಹಾಕಿಕೊಡಲು ಶುರುಮಾಡಿವೆ. ಆದರೆ ಎತ್ತರ, ಬುದ್ಧಿ ಇವು ಒಂದೆರಡು ಜೀನಿನ ಆಟವಲ್ಲ, ಸಾವಿರಾರು ಜೀನುಗಳ ಸಣ್ಣ ಸಣ್ಣ ಪಾಲು. ಅದಕ್ಕೆ ಊಟ, ಶಾಲೆ, ಮನೆಯ ವಾತಾವರಣ ಬೇರೆ ಸೇರುತ್ತವೆ. 2019ರಲ್ಲಿ ಜೆರುಸಲೇಮಿನ ಸಂಶೋಧಕರ ತಂಡವೊಂದು ಲೆಕ್ಕ ಹಾಕಿ, ಹತ್ತು ಭ್ರೂಣಗಳಲ್ಲಿ 'ಅತ್ಯುತ್ತಮ'ವಾದುದನ್ನು ಆರಿಸಿದರೂ ಸರಾಸರಿಗಿಂತ ಸಿಗುವ ಲಾಭ ಎತ್ತರದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್, ಐಕ್ಯೂನಲ್ಲಿ ಸುಮಾರು ಎರಡೂವರೆ ಅಂಕ ಎಂದು ತೋರಿಸಿತು. ಅಷ್ಟಕ್ಕಾಗಿ ಒಬ್ಬ ಹೆಣ್ಣುಮಗಳು ಹತ್ತು ಭ್ರೂಣಗಳಿಗಾಗುವಷ್ಟು ಇಂಜೆಕ್ಷನ್ ತೆಗೆದುಕೊಳ್ಳಬೇಕು.

ಆದರೆ ಬಣ್ಣದ ವಿಷಯ? ವಧು ಬೇಕಾಗಿದೆ ಜಾಹೀರಾತುಗಳಲ್ಲಿ 'ಗೌರವರ್ಣ' ಎಂಬ ಪದ ಇನ್ನೂ ಹೋಗಿಲ್ಲ. ವಿಜ್ಞಾನ ಕೊಡಲಾರದ್ದನ್ನೂ ಕೊಡುತ್ತೇನೆಂದು ಮಾರುವವರು ಬರುತ್ತಾರೆ, ಕೊಳ್ಳುವವರಂತೂ ಈಗಾಗಲೇ ಸಿದ್ಧ. ನಲವತ್ತು ವರ್ಷಗಳ ಹಿಂದೆ ಸೂಜಿಯನ್ನು ಮಾರಿದ್ದು ವಿಜ್ಞಾನದ ಬಲದಿಂದಲ್ಲ, ಮನೆಮನೆಯ ಆಸೆಯ ಬಲದಿಂದ.

ನಮ್ಮ ದೇಶದಲ್ಲಿ ಭ್ರೂಣದ ಜೀನ್ ತಿದ್ದಿ ಮಗು ಹುಟ್ಟಿಸುವುದಕ್ಕೆ ಅವಕಾಶವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಆಕರಕೋಶ ಮಾರ್ಗಸೂಚಿ ಮತ್ತು 2019ರ ಜೀನ್ ಚಿಕಿತ್ಸೆಯ ಮಾರ್ಗಸೂಚಿ ಎರಡೂ ಅದನ್ನು ನಿಷೇಧಿಸಿವೆ. ಒಳ್ಳೆಯದೇ. ಆದರೆ ಅವು ಮಾರ್ಗಸೂಚಿಗಳು. ಲಿಂಗಪತ್ತೆಯ ವಿಷಯದಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಆದೇಶ ಬಂದದ್ದು 1978ರಲ್ಲಿ, ಖಾಸಗಿಯವರನ್ನೂ ಹಿಡಿಯುವ ಮೊದಲ ಕಾನೂನು ಮಹಾರಾಷ್ಟ್ರದಲ್ಲಿ ಬಂದದ್ದು 1988ರಲ್ಲಿ. ಆ ಚೀಟಿಗಳು ನಮ್ಮ ಲೋಕಲಿನ ಗೋಡೆ ಹತ್ತಿದ್ದು ನಡುವಿನ ಆ ಹತ್ತು ವರ್ಷಗಳಲ್ಲಿ.